ದೆಲಿಮಾಗೆ ಇಪ್ಪತ್ತಕ್ಕೆ ಒಂಬತ್ತು

ಮಾಂಗ್ ಸರೋವರವೂ ಸೇರಿ ಸುತ್ತಲಿನ ಏಳು ಸರೋವರಗಳಲ್ಲಿ ನನ್ನಷ್ಟು ಚೆನ್ನಾಗಿ ನಮ್ಮ ಬುಡಕಟ್ಟಿನ ಮಾತಾದ ಅನಿಶಿನಾಬೆಯನ್ನು ಆಡುವವನು ಇನ್ನೊಬ್ಬನಿಲ್ಲ. ಇದು ನಾನಾಗಿ ಹೇಳುತ್ತಿರುವುದಲ್ಲ, ಬೀವರ್‌ಗಳ ಅಭಿಪ್ರಾಯ. ನಾನು ದಡದಲ್ಲಿ ನಿಂತು ಬಾಯಿ ತೆರೆದರೆ ಅವು ಮರ ಕಡಿಯುವುದನ್ನು ಬಿಟ್ಟು ಬಾಲದ ಮೇಲೆ ಕೂತು ಕೇಳುತ್ತವೆ. ಒಂದು ವರ್ಷ ಮೂಸ್ ಎಂಬ ದೊಡ್ಡ ಕಾಡುಜಿಂಕೆಯೊಂದು ನನ್ನ ಬಂದೂಕಿನ ಗುರಿಯೊಳಗೇ ನಿಂತು ನನ್ನ ಕತೆ ಕೇಳಿತು. ಕತೆ ಮುಗಿಯುವಷ್ಟರಲ್ಲಿ ಬೇಟೆಯ ಕಾಲವೇ ಮುಗಿದುಹೋಗಿ ಅದು ಬದುಕಿಕೊಂಡಿತು. ಆ ವರ್ಷ ನಾವು ಚಳಿಗಾಲವಿಡೀ ಮೊಲ ತಿಂದೆವು. ಮಾತಿಗೆ ಅಂಥ ಬೆಲೆ ತೆರಬೇಕಾಗುತ್ತದೆ.

ಆದರೆ ಈಗ ಹೇಳಹೊರಟಿರುವುದು ನನ್ನ ಕತೆಯಲ್ಲ, ನನ್ನ ಸೋದರಮಾವನ ಮಗಳು ದೆಲಿಮಾ ಕಿವೆದಿನ್‌ಳ ಕತೆ. ನಮ್ಮಲ್ಲಿ ಅತ್ತೆಯ ಮಗ, ಮಾವನ ಮಗಳು ಎದುರಾದರೆ ಒಬ್ಬರನ್ನೊಬ್ಬರು ಛೇಡಿಸಲೇಬೇಕು. ಸುಮ್ಮನೆ ಹಾದುಹೋದರೆ 'ಇವರಿಬ್ಬರಿಗೂ ಏನೋ ಜಗಳವಾಗಿದೆ' ಎಂದು ಊರು ಮಾತಾಡಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ನಾನೂ ದೆಲಿಮಾಳೂ ಅರವತ್ತು ವರ್ಷದಿಂದ ಬಹಳ ಅನ್ಯೋನ್ಯವಾಗಿದ್ದೇವೆ.

ಎತ್ತರದಲ್ಲಿ ಅವಳು ನನ್ನ ಎದೆಗೆ ಬರುತ್ತಾಳೆ. ಕೈಗಳು ಮಾತ್ರ ಯಾರೋ ದೈತ್ಯ ಮರೆತು ಬಿಟ್ಟುಹೋದವು. ಆ ಕೈಗಳಿಂದ ಅವಳು ಮೂಸ್ ಚರ್ಮ ಹದಮಾಡಿದರೆ, ಅದು ಎಷ್ಟು ಮೆತ್ತಗಾಗುತ್ತದೆಂದರೆ ಸತ್ತ ಮೂಸ್ ವಾಪಸು ಬಂದು 'ಇದು ಬದುಕಿದ್ದಾಗಲೇ ಹೀಗಿರಬಾರದಿತ್ತೆ' ಎಂದು ಕೇಳಿದರೂ ಆಶ್ಚರ್ಯವಿಲ್ಲ. ಮರ ಕಡಿಯುವವರ ಬಿಡಾರಗಳಲ್ಲಿ ಅಡಿಗೆ ಮಾಡಿದ್ದಾಳೆ. ಪಟ್ಟಣದಲ್ಲಿ ಹನ್ನೊಂದು ವರ್ಷ ನೆಲ ಒರೆಸಿದ್ದಾಳೆ. ಫ್ರೆಂಚ್ ಕಲಿತದ್ದು ಅಲ್ಲೇ. ಐದು ಮಕ್ಕಳನ್ನು ಸಾಕಿ, ಒಬ್ಬ ಗಂಡನನ್ನು ಮಣ್ಣುಮಾಡಿ, ಮತ್ತೆ ಸರೋವರದ ದಡಕ್ಕೆ ಬಂದು ಕೂತಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಹತ್ತದಿದ್ದುದಕ್ಕೆ ಕಾರಣವಿದೆ. ಅವಳಿಗೆ ಏಳು, ನನಗೆ ಒಂಬತ್ತು ವರ್ಷವಾಗಿದ್ದಾಗ, ಆಗಸ್ಟ್ ತಿಂಗಳಲ್ಲಿ, ಮಕ್ಕಳನ್ನು ಪಾದ್ರಿಗಳ ವಸತಿ ಶಾಲೆಗೆ ಒಯ್ಯಲು ನೀರಿನ ಮೇಲೆ ಇಳಿಯುವ ವಿಮಾನವೊಂದು ಬಂತು. ಸದ್ದು ಕೇಳಿದ ಕೂಡಲೇ ನಮ್ಮಿಬ್ಬರ ಅಜ್ಜ ದಡದಲ್ಲಿ ಮಗುಚಿಟ್ಟ ದೋಣಿಯ ಕೆಳಗೆ ನಮ್ಮನ್ನು ತಳ್ಳಿದ. "ಉಸಿರೂ ಬಿಡಬೇಡಿ," ಎಂದ. ದೆಲಿಮಾ ಬಿಡಲಿಲ್ಲ. ನಾನು ಅಲ್ಲಿಯವರೆಗೆ ವಿಮಾನ ನೋಡಿರಲಿಲ್ಲ. ನೋಡಲೆಂದು ತಲೆ ಹೊರಗೆ ಹಾಕಿದೆ. ಆ ವಿಮಾನ ನನ್ನನ್ನು ಹೊತ್ತೊಯ್ದಿತು, ಎಂಟು ವರ್ಷ ಹೊರಗೇ ಉಳಿದೆ.

ಹಾಗಾಗಿ ಅವಳಿಗೆ ಕಾಡಿನ ಬಿಡಾರ, ಅಜ್ಜ ಅಜ್ಜಿಯರ ಮಾತು ಪೂರ್ತಿ ಸಿಕ್ಕಿತು. ನಮ್ಮ ಊರಿನಲ್ಲಿ ಯಾವ ಮಗು ಯಾವ ಮಾತನ್ನು ತಪ್ಪಾಗಿ ಆಡಿದರೂ ಅವಳ ಕಿವಿ ಕರಡಿಯ ಕಿವಿಯಂತೆ ನಿಮಿರುತ್ತಿತ್ತು. ಅಂಗಡಿಯ ಸಾಲಿನಲ್ಲಿ, ಚರ್ಚಿನ ಬಾಗಿಲಲ್ಲಿ, ಹಾಕಿ ಆಟದ ನಡುವೆ ನಿಲ್ಲಿಸಿ ತಿದ್ದುತ್ತಿದ್ದಳು. ಒಮ್ಮೆ ಶವಸಂಸ್ಕಾರದಲ್ಲಿ ಪ್ರಾರ್ಥನೆ ಹೇಳುತ್ತಿದ್ದವನನ್ನೇ ತಡೆದು ತಿದ್ದಿದಳು. ಸತ್ತವನು ಅಲ್ಲಿಯವರೆಗೆ ಕಾದಿದ್ದು ಆಮೇಲೆ ಸ್ವರ್ಗಕ್ಕೆ ಹೋದನಂತೆ. ಊರಿಗೆ ಊರನ್ನೇ ತಿದ್ದಿದ ಈ ಹೆಂಗಸು ನನ್ನನ್ನು ಮಾತ್ರ ಒಂದು ದಿನವೂ ತಿದ್ದಲಿಲ್ಲ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾರಿಗೆ ಬೇಕು?

ನಮ್ಮ ಶಾಲೆಯಲ್ಲಿ ಭಾಷೆಯ ಕೆಲಸ ನೋಡಿಕೊಳ್ಳುವವಳು ನಾದೇಜ್, ಮೂವತ್ತೈದರ ಹುಡುಗಿ. ಹಿರಿಯರ ಮಾತನ್ನು ಉಳಿಸಬೇಕೆಂದು ಅವಳು ರೆಕಾರ್ಡರ್ ಹಿಡಿದು ಮನೆಮನೆ ತಿರುಗಿದಳು. ಮೊದಲು ಹೋದದ್ದು ದೆಲಿಮಾಳ ಬಳಿಗೆ. ದೆಲಿಮಾ ಚರ್ಮ ಕೆರೆಯುತ್ತಿದ್ದಳು.

"ಕೊಕೊಮ್," ಎಂದಳು ನಾದೇಜ್. ನಮ್ಮಲ್ಲಿ ಅಜ್ಜಿಯರನ್ನು ಕರೆಯುವುದು ಹಾಗೆ. "ನೀವು ಹೇಳಿದ್ದೆಲ್ಲ ಇದರೊಳಗೆ ಉಳ್ಕೊಳುತ್ತೆ."

"ಉಳ್ಸೋಕೆ ಅದೇನು ಹೊಗೆ ಹಾಕಿದ ಮೀನಾ? ಮಕ್ಕಳನ್ನ ಕರ್ಕೊಂಡ್ ಬಾ, ಮಾತಾಡ್ತೀನಿ. ಡಬ್ಬಿ ಹತ್ರ ಮಾತಾಡಿದ್ರೆ ಡಬ್ಬಿ ನಗುತ್ತಾ? ತಿರುಗಿ ಬೈಯುತ್ತಾ?"

"ಇಲ್ಲ, ಆದ್ರೆ..."

"ಮತ್ತೆ ಅದು ಹೆಂಗೆ ಮಾತಾಗುತ್ತೆ ತಾಯಿ? ಆ ಕಡೆ ಹಿಡ್ಕೊ, ಈ ಚರ್ಮ ಎಳೀಬೇಕು."

ನಾದೇಜ್ ಮಧ್ಯಾಹ್ನದವರೆಗೆ ಚರ್ಮ ಎಳೆದು, ಕೈ ಬೊಬ್ಬೆ ಬರಿಸಿಕೊಂಡು ನನ್ನ ಮನೆಗೆ ಬಂದಳು. ನಾನು ಡಬ್ಬಿಗೆ ನಲವತ್ತು ಗಂಟೆ ಮಾತಾಡಿದೆ. ಡಬ್ಬಿ ನಗದಿದ್ದರೇನು, ಎದ್ದುಹೋಗಲಿಲ್ಲವಲ್ಲ. ನನ್ನ ಹೆಂಡತಿಗಿಂತ ಅದು ಎಷ್ಟೋ ವಾಸಿ.

ಇದಾಗಿ ಎರಡು ವರ್ಷಕ್ಕೆ ನಾದೇಜ್ ಇನ್ನೊಂದು ಹಟ ಹಿಡಿದಳು. ನಾಲ್ಕೈದು ವರ್ಷದ ಮಕ್ಕಳ ತರಗತಿ ಪೂರ್ತಿ ನಮ್ಮ ಮಾತಿನಲ್ಲೇ ನಡೆಯಬೇಕು, ಕಲಿಸುವವಳು ದೆಲಿಮಾಳೇ ಆಗಬೇಕು ಎಂದು. ಈ ಸಲ ದೆಲಿಮಾ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೇಳಿದಳು. ಅವಳ ಮರಿಮಗಳಿಗೆ ಆಗ ನಾಲ್ಕು ವರ್ಷ. ಆ ಮಗು ಅವಳ ತೊಡೆಯ ಮೇಲೆ ಕೂತು ಫ್ರೆಂಚಿನಲ್ಲಿ ಬ್ಯಾನಕ್ ರೊಟ್ಟಿ ಕೇಳುತ್ತಿತ್ತು.

"ನಮ್ಮನೇಲೇ ನನಗೊಬ್ಬ ದುಭಾಷಿ ಬೇಕಾಗಿದಾನೆ ಕಣೆ," ಎಂದಳು ದೆಲಿಮಾ. "ಚರ್ಮ ಹಸಿ ಇರುವಾಗ್ಲೇ ಎಳೀಬೇಕು. ಒಣಗಿದ ಮೇಲೆ ಎಳೆದ್ರೆ ಹರಿಯುತ್ತೆ. ಎಷ್ಟು ಮಕ್ಕಳು?"

"ಹದಿನಾಲ್ಕು."

"ಹದಿನಾಲ್ಕೂ ಹಸಿ ಇದಾವೆ. ಯಾವತ್ತಿಂದ ಬರ್ಲಿ?"

ಬರುವುದು ಅಷ್ಟು ಸುಲಭವಿರಲಿಲ್ಲ. ಪಟ್ಟಣದ ಶಿಕ್ಷಣ ಕಚೇರಿಯವರು ತರಗತಿಗೆ ಒಪ್ಪಿದರು, ಆದರೆ ಕಲಿಸುವವರಿಗೆ ಭಾಷೆ ಬರುತ್ತದೆ ಎಂಬುದಕ್ಕೆ ಪ್ರಮಾಣಪತ್ರ ಕೇಳಿದರು. ಅದಕ್ಕೊಂದು ಪರೀಕ್ಷೆ. ಇಪ್ಪತ್ತಕ್ಕೆ ಹದಿನಾಲ್ಕು ಬರಬೇಕು. ಬರದಿದ್ದರೆ ಸೆಪ್ಟೆಂಬರಿಗೆ ಪಟ್ಟಣದಿಂದ ಫ್ರೆಂಚ್ ಕಲಿಸುವವಳೊಬ್ಬಳು ಬರುತ್ತಾಳೆ, ಮೂರು ವರ್ಷ ಮತ್ತೆ ಈ ಮಾತು ಎತ್ತುವಂತಿಲ್ಲ. ಮೂರು ವರ್ಷದಲ್ಲಿ ಆ ಹದಿನಾಲ್ಕು ಚರ್ಮವೂ ಒಣಗಿರುತ್ತದೆ.

ಊರಿಗೆ ಊರೇ ನಕ್ಕಿತು. ದೆಲಿಮಾಗೆ ನಮ್ಮ ಮಾತಿನ ಪರೀಕ್ಷೆಯಂತೆ! ಮೀನಿಗೆ ಈಜಿನ ಪರೀಕ್ಷೆ ಮಾಡಿದ ಹಾಗೆ. ಪರೀಕ್ಷೆಗೆ ಸಾಕ್ಷಿಯಾಗಿ ಊರಿನ ಹಿರಿಯನೊಬ್ಬ ಕೂತು ಅಂಕಪಟ್ಟಿಗೆ ಸಹಿ ಮಾಡಬೇಕಿತ್ತು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ, ಆ ಸ್ಥಾನ ಕೇಳದೆಯೇ ನನಗೆ ಬಂತು.

ಆಗಸ್ಟ್ ಮೂರನೆಯ ವಾರ, ಶುಕ್ರವಾರ ಮಧ್ಯಾಹ್ನ. ಸಮುದಾಯ ಭವನದ ಚಿಕ್ಕ ಕೋಣೆ. ಪಕ್ಕದ ದೊಡ್ಡ ಕೋಣೆಯಲ್ಲಿ ಹೆಂಗಸರ ಬಿಂಗೊ, ಕೂಗಿದ ಅಂಕಿಯನ್ನು ಹಾಳೆಯಲ್ಲಿ ಗುರುತು ಹಾಕುವ ಆಟ, ಜೋರಾಗಿ ನಡೆದಿತ್ತು. ಅವತ್ತಿನ ಬಹುಮಾನ ಐಸಿನಲ್ಲಿಟ್ಟ ಟರ್ಕಿ ಕೋಳಿ. ಪಟ್ಟಣದಿಂದ ಬಂದ ಮದಾಮ್ ತೆಸಿಯೆ ಒಳ್ಳೆಯ ಹೆಂಗಸು, ಸೊಳ್ಳೆ ಕಚ್ಚಿದ ಕಡೆಯೆಲ್ಲ ಗುಲಾಬಿ ಬಣ್ಣದ ಮುಲಾಮು ಹಚ್ಚಿಕೊಂಡು ಕೂತಿದ್ದಳು. ನಮ್ಮ ಸೊಳ್ಳೆಗಳು ದೊಡ್ಡವು. ಹೋದ ವರ್ಷ ಎರಡು ಸೊಳ್ಳೆ ಸೇರಿ ಒಂದು ನಾಯಿಯನ್ನು ಹೊತ್ತುಕೊಂಡು ಹೋಗಿ, ಭಾರವಾಯಿತೆಂದು ಇಳಿಸಿಹೋದವು. ದೆಲಿಮಾ ಹೊಗೆಯ ವಾಸನೆಯ ಸ್ವೆಟರ್ ಹಾಕಿಕೊಂಡು, ಬರ್ಚ್ ತೊಗಟೆಯ ಬುಟ್ಟಿಯಲ್ಲಿ ರಾಸ್ಪ್‌ಬೆರಿ ತುಂಬಿಕೊಂಡು ಬಂದಳು. ಬರುವ ದಾರಿಯಲ್ಲಿ ಹಣ್ಣಾಗಿದ್ದವಂತೆ.

ಪರೀಕ್ಷೆಯ ಮರ್ಮ ಇಷ್ಟು. ನಮ್ಮ ಮಾತಿನಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಇರುವುದು ಎರಡೇ ಗುಂಪು: ಉಸಿರಿರುವವರು, ಉಸಿರಿಲ್ಲದವು. ಉಸಿರಿರುವವರನ್ನು ಕಂಡರೆ 'ಅವರನ್ನು ಕಂಡೆ' ಎಂದು ಒಂದು ಪದ. ಇಲ್ಲದ್ದನ್ನು ಕಂಡರೆ 'ಅದನ್ನು ಕಂಡೆ' ಎಂದು ಬೇರೆಯೇ ಪದ. ಗುಂಪು ತಪ್ಪಿದರೆ, ಮನೆಗೆ ಬಂದ ಬೀಗರನ್ನು 'ಅದು ಊಟ ಮಾಡಿತಾ' ಎಂದು ವಿಚಾರಿಸಿದ ಹಾಗಾಗುತ್ತದೆ.

ಮದಾಮ್ ಒಂದೊಂದೇ ಚಿತ್ರ ಎತ್ತಿ ಹಿಡಿದಳು. ದೆಲಿಮಾ ಉತ್ತರಿಸುತ್ತ ಹೋದಳು.

"ದೋಣಿ?"

"ಅದನ್ನ ಕಂಡೆ."

"ತಪ್ಪಲೆ?"

"ತಪ್ಪಲೆಯವರನ್ನ ಕಂಡೆ."

ಮದಾಮ್ ತೊಡೆಯ ಮೇಲಿನ ಉತ್ತರಪಟ್ಟಿ ನೋಡಿ, ತುಟಿ ಕಚ್ಚಿ, ಒಂದು ಅಡ್ಡಗೀಟು ಹಾಕಿದಳು.

"ಸ್ಟ್ರಾಬೆರಿ?"

"ಅದನ್ನ ಕಂಡೆ."

"ರಾಸ್ಪ್‌ಬೆರಿ?"

"ರಾಸ್ಪ್‌ಬೆರಿಯವರನ್ನ ಕಂಡೆ. ತಗೊಳ್ಳಿ, ನೀವೂ ಕಾಣಿ," ಎಂದು ದೆಲಿಮಾ ಬುಟ್ಟಿಯನ್ನು ಮುಂದೆ ತಳ್ಳಿದಳು.

ಮತ್ತೊಂದು ಅಡ್ಡಗೀಟು. ಹಿಮದ ಮೇಲೆ ನಡೆಯುವ ಮೆಟ್ಟು: ಅಡ್ಡಗೀಟು. ಕೈಗವಸು: ಅಡ್ಡಗೀಟು. ಕಲ್ಲು, ಮಂಜುಗಡ್ಡೆ, ತಂಬಾಕು ಸೇದುವ ಕೊಳವೆ: ಗೀಟು, ಗೀಟು, ಗೀಟು. ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಮರುಗಿದೆ. ಪಾಪ, ವಯಸ್ಸಾಯಿತು ಇವಳಿಗೆ, ಕಾಲಿಲ್ಲದ್ದಕ್ಕೆಲ್ಲ ಉಸಿರು ಹಚ್ಚುತ್ತಿದ್ದಾಳಲ್ಲ ಎಂದು. ಊರಿನ ಹಳಬರೆಲ್ಲ ಹಾಗೆಯೇ ಹೇಳುವುದು ನನ್ನ ಕಿವಿಗೆ ಅರವತ್ತು ವರ್ಷದಲ್ಲಿ ಬಿದ್ದಿರಲೇಬೇಕು. ಆದರೆ ಕೇಳುವುದು ನನ್ನ ಅಭ್ಯಾಸವಲ್ಲ, ನಾನು ಮಾತಾಡುವವನು.

ಇಪ್ಪತ್ತಕ್ಕೆ ಒಂಬತ್ತು ಬಂತು.

ಮೂಲೆಯಲ್ಲಿದ್ದ ನಾದೇಜ್‌ಳ ಮುಖ ಬಿಳಿಚಿಕೊಂಡಿತು. ಮದಾಮ್ ತೆಸಿಯೆ ಕನ್ನಡಕ ತೆಗೆದು ಒರೆಸಿದಳು. "ನನಗೇ ಬೇಜಾರಾಗ್ತಿದೆ ಮದಾಮ್ ಕಿವೆದಿನ್. ಆದ್ರೆ ನಾನೇನ್ ಮಾಡ್ಲಿ, ಉತ್ತರಪಟ್ಟಿ ಹೀಗಿದೆ."

ದೆಲಿಮಾಳ ದನಿ ಏರಲಿಲ್ಲ. "ರಾಸ್ಪ್‌ಬೆರಿಯವರಿಗೆ ಉಸಿರಿಲ್ಲ ಅಂತ ಬರ್ದಿದೆಯಾ ಅದ್ರಲ್ಲಿ?"

"ಹೌದು. ನಿಜ ಹೇಳ್ಬೇಕಂದ್ರೆ ನನಗೂ ಅದೇ ಸರಿ ಅನ್ಸುತ್ತೆ. ಸ್ಟ್ರಾಬೆರಿಗೆ ಇಲ್ಲದ ಉಸಿರು ರಾಸ್ಪ್‌ಬೆರಿಗೆ ಯಾಕಿರ್ಬೇಕು?"

"ನಿಮ್ಮ ಫ್ರೆಂಚ್ ಮಾತಲ್ಲಿ ಮೇಜನ್ನ ಹೆಂಗಸು ಅಂತೀರಿ. ಯಾಕೆ? ಕೆಳಗೆ ಬಗ್ಗಿ ನೋಡಿದೀರಾ?"

ಮದಾಮ್ ಮೇಜಿನ ಮೇಲಿಂದ ಮೊಣಕೈ ತೆಗೆದಳು.

"ನೆಲ ಒರೆಸೋವಾಗ ನಾನು ನಿಮ್ಮ ಮೇಜುಗಳ ಕೆಳಗೆ ಹನ್ನೊಂದು ವರ್ಷ ಬಗ್ಗಿದೀನಿ," ಎಂದಳು ದೆಲಿಮಾ. "ಹೆಂಗಸಿನ ಗುರುತು ಒಂದೂ ಕಾಣ್ಲಿಲ್ಲ. ಆದ್ರೂ ನೀವು ಹೇಳಿದ ಹಂಗೇ ಹೇಳ್ದೆ. ನಿಮ್ಮ ಮೇಜು, ನಿಮ್ಮಿಷ್ಟ. ಈಗ ಹೇಳಿ, ಆ ಪಟ್ಟಿಗೆ ಉತ್ತರ ಕೊಟ್ಟೋರು ಯಾರು?"

"ನಿಮ್ಮೂರಿನ ಹಿರಿಯರೇ. ಹೆಸರು ಬರೆದಿಲ್ಲ. 'ಹಿರಿಯರು, ಸಂಖ್ಯೆ ಮೂರು' ಅಂತಿದೆ. ನಲವತ್ತು ಗಂಟೆಯ ಧ್ವನಿಮುದ್ರಣದಿಂದ ತೆಗೆದದ್ದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಹೆಗಲು ಮಾತ್ರ ಅಲ್ಲ, ಟೋಪಿ, ಮೂಗು, ಅಂಗಿಯ ಗುಂಡಿ ಎಲ್ಲವನ್ನೂ ಮುಟ್ಟಿ ನೋಡಿಕೊಂಡೆ. ನಾದೇಜ್ ಛಾವಣಿ ನೋಡತೊಡಗಿದಳು. ಮದಾಮ್ ಅಂಕಪಟ್ಟಿಯನ್ನು ನನ್ನ ಮುಂದಿಟ್ಟು ಪೆನ್ನು ಕೊಟ್ಟಳು.

"ನೀವು ಇಲ್ಲಿ ಸಹಿ ಮಾಡ್ಬೇಕು ಮೊಸ್ಯೂ ಒನೆಜಿಮ್."

ಆ ಪೆನ್ನಿನಷ್ಟು ಭಾರದ ವಸ್ತುವನ್ನು ನಾನು ಎತ್ತಿದ್ದಿಲ್ಲ, ಮತ್ತು ನಾನು ಒಮ್ಮೆ ಸತ್ತ ಕರಡಿಯನ್ನು, ಅದು ಹಿಡಿದ ಮೀನಿನ ಸಮೇತ, ಹನ್ನೆರಡು ಮೈಲಿ ಹೊತ್ತವನು. ಸಹಿ ಹಾಕಿದರೆ ದೆಲಿಮಾಳ ತರಗತಿ ಹೋಯಿತು. ಹಾಕದಿದ್ದರೆ ಯಾಕೆಂದು ಹೇಳಬೇಕು. ಸಂಕಟಕ್ಕೆ ಸಿಕ್ಕವನು ಮೊದಲು ಸುಳ್ಳಿನ ಬಾಗಿಲು ತಟ್ಟುತ್ತಾನೆ. ನಾನೂ ತಟ್ಟಿದೆ.

"ನೋಡಿ ಮದಾಮ್," ಎಂದು ಗಂಟಲು ಸರಿಮಾಡಿಕೊಂಡೆ, "ಇದು ತಪ್ಪು ಸರಿಯ ಪ್ರಶ್ನೆ ಅಲ್ಲ. ದೆಲಿಮಾದು ಪಶ್ಚಿಮ ದಡದ ಮಾತು. ಪಟ್ಟೀಲಿರೋದು ಪೂರ್ವ ದಡದ ಮಾತು. ಎರಡೂ..."

"ಪೂರ್ವ ದಡದಲ್ಲಿರೋದು ನಿನ್ನ ಮನೆ, ನಿನ್ನ ಕಕ್ಕಸು," ಎಂದಳು ದೆಲಿಮಾ. "ಎರಡ್ರಲ್ಲಿ ಯಾವುದು ಹಂಗೆ ಮಾತಾಡುತ್ತೆ, ಭಾವ?"

ನಾದೇಜ್ ಕೆಮ್ಮಿದ ಹಾಗೆ ನಟಿಸಿದಳು. ದೆಲಿಮಾ ಬುಟ್ಟಿಯಿಂದ ಒಂದೊಂದೇ ಹಣ್ಣು ತೆಗೆದು ತಿನ್ನುತ್ತ, ಕಿಟಕಿಯಾಚೆ ನೋಡುತ್ತ ಕೂತಳು. ಬೇಡಿಕೊಂಡಿದ್ದರೆ ನಾನು ತಮಾಷೆ ಮಾಡಿ ಜಾರಿಕೊಳ್ಳುತ್ತಿದ್ದೆ. ಬೈದಿದ್ದರೆ ಜಗಳ ತೆಗೆಯುತ್ತಿದ್ದೆ. ಸುಮ್ಮನೆ ಕೂತವಳ ಎದುರು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಸಂಖ್ಯೆ ಮೂರು ನಾನೇ," ಎಂದೆ.

ಮದಾಮ್‌ಗೆ ಅರ್ಥವಾಗಲಿಲ್ಲ. "ಅಂದ್ರೆ?"

"ಅಂದ್ರೆ ಪಟ್ಟಿ ತಪ್ಪು. ಅವಳು ಹೇಳಿದ್ದು ಸರಿ. ನನಗೆ ಗೊತ್ತಿಲ್ಲ ಮದಾಮ್. ಯಾವುದಕ್ಕೆ ಉಸಿರಿದೆ, ಯಾವುದಕ್ಕಿಲ್ಲ, ನನಗೆ ಸರಿಯಾಗಿ ಗೊತ್ತಿಲ್ಲ. ನಮ್ಮ ಮಾತು ಆಡಿದ್ರೆ ಹೊಡೀತಿದ್ದ ಆ ಶಾಲೆಯಿಂದ ಹದಿನೇಳಕ್ಕೆ ವಾಪಸು ಬಂದಾಗ ನನ್ನ ಅಜ್ಜಿ ಏನು ಕೇಳ್ತಿದಾಳೆ ಅಂತ ಇವಳು, ಈ ದೆಲಿಮಾ, ನನಗೆ ಸನ್ನೆ ಮಾಡಿ ಹೇಳ್ಬೇಕಾಗಿತ್ತು. ಆಮೇಲೆ ಅಲ್ಲಿ ಇಲ್ಲಿ ಕೇಳಿದ್ದನ್ನ ಆಯ್ಕೊಂಡೆ. ಗೊತ್ತಿಲ್ಲದ ಕಡೆ ದನಿ ಜೋರು ಮಾಡ್ದೆ. ಜೋರಾಗಿ ಹೇಳಿದ್ರೆ ತಪ್ಪೂ ಸರಿ ಅಂತ ಕೇಳ್ಸುತ್ತೆ."

ಅರವತ್ತು ವರ್ಷದಲ್ಲಿ ನಾನು ಉತ್ಪ್ರೇಕ್ಷೆಯಿಲ್ಲದೆ ಆಡಿದ ಅತಿ ಉದ್ದದ ಮಾತು ಅದು. ಬೀವರ್‌ಗಳು ಕೇಳಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

ದೆಲಿಮಾಳ ಕಡೆ ತಿರುಗಿ ಕೇಳಿದೆ. "ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನೀನು ಅಂಗಡಿಗೆ ಹೋಗಿ ತಪ್ಪಲೆಗೆ 'ಅದು' ಅಂದಾಗ್ಲೆಲ್ಲ ನನ್ನ ಹಲ್ಲು ಜುಮ್ ಅನ್ನೋದು."

"ಮತ್ತೆ ಯಾಕೆ ತಿದ್ದಲಿಲ್ಲ? ಸತ್ತವನ ಹೆಣದ ಮುಂದೆ ತಿದ್ದಿದೋಳು ನೀನು!"

ದೆಲಿಮಾ ಬೆರಳಿನ ಕೆಂಪನ್ನು ಸ್ವೆಟರಿಗೆ ಒರೆಸಿಕೊಂಡಳು. "ಆ ವಿಮಾನದಲ್ಲಿ ನಮ್ಮ ದಡದಿಂದ ಹನ್ನೊಂದು ಮಕ್ಕಳು ಹೋದ್ರಿ. ಎಂಟು ಮಂದಿ ವಾಪಸು ಬಂದ್ರಿ. ಏಳು ಜನ ನಮ್ಮ ಮಾತಿಗೆ ಬಾಯೇ ತೆರೀಲಿಲ್ಲ, ಸಾಯೋವರೆಗೂ. ನೀನೊಬ್ಬ ತೆರೆದೆ. ತೆರೆದಿರೋ ಒಂದೇ ಬಾಗಿಲಿಗೆ, ಕಿರ್ ಅನ್ನುತ್ತೆ ಅಂತ ಒದೀತಾರಾ ಯಾರಾದ್ರೂ?"

ನಾನು ಕಿಟಕಿಯ ಕಡೆ ತಿರುಗಿದೆ. ಸರೋವರದ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದೆ.

ಮದಾಮ್ ತೆಸಿಯೆ ನಿಯಮದ ಪುಸ್ತಕ ತಿರುವಿದಳು. ಉತ್ತರಪಟ್ಟಿ ತಿದ್ದಬಹುದು, ಆದರೆ ಪರೀಕ್ಷೆಗೆ ಕೂತವರೇ ತಿದ್ದುವಂತಿಲ್ಲ. ಊರಿನ ಬೇರೆ ಐದು ಜನ ಹಿರಿಯರು ಒಂದೇ ಮಾತು ಹೇಳಿ ಸಹಿ ಹಾಕಬೇಕು. ಅದೂ ಇವತ್ತೇ, ಐದು ಗಂಟೆಯೊಳಗೆ.

"ಈಗ ನಾಲ್ಕೂ ಇಪ್ಪತ್ತು," ಎಂದಳು ಮದಾಮ್. "ಐದು ಜನ ಹಿರಿಯರನ್ನ ಎಲ್ಲಿಂದ ತರೋದು?"

ಗೋಡೆಯಾಚೆಯಿಂದ ಯಾರೋ ನಮ್ಮ ಮಾತಿನಲ್ಲಿ ಬಿಂಗೊ ಕೂಗುವವನ ಇಡೀ ವಂಶವನ್ನು ಬೈದದ್ದು ಕೇಳಿಸಿತು. ನಾದೇಜ್ ಆಗಲೇ ಚಿತ್ರಗಳನ್ನು ಬಾಚಿಕೊಂಡು ಬಾಗಿಲಲ್ಲಿದ್ದಳು.

ಬಿಂಗೊ ಮೇಜಿನ ಸುತ್ತ ಏಳು ಜನ ಅಜ್ಜಿಯರು. ಅವರಲ್ಲಿ ಹಿರಿಯಳು ಅಲ್ಫೊನ್ಸಿನ್, ಎಂಬತ್ತೆಂಟು ವರ್ಷ, ಒಮ್ಮೆಗೆ ಹನ್ನೆರಡು ಹಾಳೆ ಆಡುತ್ತಾಳೆ. ಮದಾಮ್ ಅವಳ ಮೂಗಿನ ಮುಂದೆ ರಾಸ್ಪ್‌ಬೆರಿಯ ಚಿತ್ರ ಹಿಡಿದಳು. ಅಲ್ಫೊನ್ಸಿನ್ ಹಾಳೆಯಿಂದ ಕಣ್ಣೆತ್ತಲಿಲ್ಲ.

"ಅವರನ್ನ ಕಂಡೆ. ಜರುಗು ತಾಯಿ, ನನಗೆ ಬಿ ಒಂಬತ್ತನ್ನ ಕಾಣ್ಬೇಕು."

"ಹಿಮದ ಮೆಟ್ಟು?"

"ಅವರನ್ನ ಕಂಡೆ. ಬಿ ಒಂಬತ್ತು ಬಂತಾ?"

ಪಕ್ಕದವಳೂ ಹಾಗೆಯೇ ಹೇಳಿದಳು. ಅದರ ಪಕ್ಕದವಳೂ. ಮೇಜಿನ ಸುತ್ತ ಚಿತ್ರಗಳು ಸುತ್ತಿದವು, ಏಳು ಬಾಯಿಂದ ಒಂದೇ ಉತ್ತರ. 'ಕಾರು' ಎಂಬ ಚಿತ್ರದಲ್ಲಿ ಮಾತ್ರ ಗಲಾಟೆಯಾಯಿತು. ನಾಲ್ವರು ಅವರು ಎಂದರು, ಮೂವರು ಅದು ಎಂದರು. "ನಿನ್ನ ಅಳಿಯನ ಕಾರನ್ನ ನೋಡಿದ್ರೆ ಉಸಿರು ಹೋಗಿ ಯಾವ ಕಾಲ ಆಯ್ತೋ!" ಎಂದು ಒಬ್ಬಳು ಇನ್ನೊಬ್ಬಳಿಗೆ ಅಂದು, ಬಣ್ಣದ ಪೆನ್ನುಗಳು ಹಾರಾಡಿ, ಮದಾಮ್ ಕೊನೆಗೆ ಆ ಪ್ರಶ್ನೆಯನ್ನೇ ಹೊಡೆದುಹಾಕಿದಳು. ಆ ಜಗಳ ಇನ್ನೂ ಮುಗಿದಿಲ್ಲ.

ಸಹಿ ಹಾಕುವಾಗ ಅಲ್ಫೊನ್ಸಿನ್‌ಗೆ ಕುತೂಹಲ ಹುಟ್ಟಿತು. "ಅಲ್ಲಾ, ರಾಸ್ಪ್‌ಬೆರಿಯವರಿಗೆ ಉಸಿರಿಲ್ಲ ಅಂದ ಮುಟ್ಠಾಳ ಯಾರು?"

"ಹಿರಿಯರು, ಸಂಖ್ಯೆ ಮೂರು," ಎಂದಳು ಮದಾಮ್, ನನ್ನ ಮಾನ ಕಾಯಲೆಂದು.

ಏಳೂ ಜನ ಒಟ್ಟಿಗೆ ಕೇಳಿದರು: "ಒನೆಜಿಮಾ?"

ಅಂದರೆ ಎಲ್ಲರಿಗೂ ಗೊತ್ತಿತ್ತು. ಅವರು ನಕ್ಕ ನಗೆಗೆ ಮಾಂಗ್ ಸರೋವರದ ಮೀನುಗಳು ಮೂರು ದಿನ ತಳ ಬಿಟ್ಟು ಮೇಲೆ ಬರಲಿಲ್ಲ. ಆ ಗದ್ದಲದಲ್ಲಿ ಬಿ ಒಂಬತ್ತು ಬಂದದ್ದು ಯಾರಿಗೂ ಕೇಳಿಸದೆ, ಟರ್ಕಿ ಕೋಳಿ ಯಾರಿಗೂ ದಕ್ಕದೆ ಉಳಿಯಿತು. ಅದಕ್ಕೂ ನಾನೇ ಕಾರಣನೆಂದು ಅಲ್ಫೊನ್ಸಿನ್ ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಮದಾಮ್ ಹೊಸ ಅಂಕ ಬರೆದಳು. ಹತ್ತೊಂಬತ್ತಕ್ಕೆ ಹತ್ತೊಂಬತ್ತು. ನಾನು ಸಹಿ ಹಾಕಿದೆ. ಈ ಸಲ ಪೆನ್ನು ಗರಿಯ ಹಾಗಿತ್ತು.

ಹೊರಗೆ ಬಂದಾಗ ದೆಲಿಮಾಗೆ ಹೇಳಿದೆ, "ನಿನ್ನ ಕೆಲಸ ಆಯ್ತಲ್ಲ. ಇನ್ನು ನಾನು ಮನೆಗೆ ಹೋಗಿ ಬಾಯಿ ಹೊಲ್ಕೊಂಡು ಕೂರ್ತೀನಿ."

"ಡಬ್ಬೀಲಿರೋ ನಲವತ್ತು ಗಂಟೆ ತಿದ್ದೋರು ಯಾರು, ನಿಮ್ಮಪ್ಪನಾ?" ಎಂದಳು. "ತರಗತಿ ಶುರುವಾಗೋ ದಿನ ಬೆಳಿಗ್ಗೆ ಬಾ. ತಡವಾದ್ರೆ ಬಾಗಿಲು ಹಾಕ್ತೀನಿ. ನಿನ್ನ ಚರ್ಮ ಒಣಗಿದೆ, ನಿಜ. ನೆನೆ ಹಾಕೋಣ."

ಹೋದೆ. ನನ್ನ ಕುರ್ಚಿ ಎಷ್ಟು ಗಿಡ್ಡವೆಂದರೆ, ಕೂತರೆ ಮೊಣಕಾಲು ಕಿವಿ ಮುಚ್ಚುತ್ತಿತ್ತು. ನನ್ನ ಎಡಕ್ಕೂ ಬಲಕ್ಕೂ ನಾಲ್ಕು ವರ್ಷದವರು. ದೆಲಿಮಾ ಹಲಗೆಯ ಮೇಲೆ ಒಂದಕ್ಷರ ಬರೆದವಳಲ್ಲ, ಅವಳಿಗೆ ಬರೆಯಲು ಬಾರದು. ನೆಲದ ಮೇಲೆ ಎರಡು ಕಂಬಳಿ ಹಾಸುತ್ತಿದ್ದಳು. ಕೆಂಪು ಕಂಬಳಿ ಉಸಿರಿರುವವರದು, ಬೂದು ಕಂಬಳಿ ಉಸಿರಿಲ್ಲದವುಗಳದು. ನಡುವೆ ತಪ್ಪಲೆ, ಕಲ್ಲು, ಚಮಚ, ಕೈಗವಸು, ಮೊಲದ ತುಪ್ಪಳ, ಹಣ್ಣು ಎಲ್ಲ ರಾಶಿ. ಮಕ್ಕಳು ಒಂದೊಂದನ್ನೇ ಎತ್ತಿ, ಹೆಸರಿಟ್ಟು ಕರೆದು, ಕಂಬಳಿಗೆ ಸೇರಿಸಬೇಕು. ತಪ್ಪಿದರೆ ದೆಲಿಮಾ ಆ ವಸ್ತುವನ್ನು ಕಿವಿಗೆ ಹಿಡಿದು, "ಅಳ್ತಿದಾರೆ ಪಾಪ, ಮನೆ ತಪ್ಪಿದಾರೆ," ಎನ್ನುತ್ತಿದ್ದಳು. ಮಕ್ಕಳು ಓಡಿ ಬಂದು ಸರಿಯಾದ ಮನೆಗೆ ಸೇರಿಸುತ್ತಿದ್ದವು. ನಾನು ತಪ್ಪಿದಾಗ ಹದಿನಾಲ್ಕೂ ಮಕ್ಕಳು ಒಟ್ಟಿಗೆ ಅತ್ತು ತೋರಿಸುತ್ತಿದ್ದವು. ಅಷ್ಟು ಅಳು ನಮ್ಮ ಊರಿನ ಯಾವ ಸಾವಿನಲ್ಲೂ ಆಗಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ, ದೆಲಿಮಾಳ ಮರಿಮಗಳು ರಾಶಿಯ ಮುಂದೆ ನಿಂತು, ಅಡ್ಡ ಬಂದ ಅಜ್ಜಿಯ ಲಂಗ ಎಳೆದು, ನಮ್ಮ ಮಾತಿನಲ್ಲಿ, "ಜರುಗು ಕೊಕೊಮ್, ಕಲ್ಲಿನವರು ಕಾಣಿಸ್ತಿಲ್ಲ," ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದದ್ದು. ದೆಲಿಮಾ ಜರುಗಿದಳು. ಆಮೇಲೆ ಒಲೆಗೆ ಸೌದೆ ತರುತ್ತೇನೆಂದು ಹೊರಗೆ ಹೋದಳು. ಶಾಲೆಗೆ ಇರುವುದು ವಿದ್ಯುತ್ ಒಲೆ. ಬರಿಗೈಯಲ್ಲಿ ವಾಪಸು ಬಂದಾಗ ನಾನೂ ಅದನ್ನು ಎತ್ತಿ ಆಡಲಿಲ್ಲ. ಛೇಡಿಸುವ ಹಕ್ಕಿದ್ದರೂ ಅವತ್ತು ಬಿಟ್ಟುಕೊಟ್ಟೆ.

ಬಿಟ್ಟುಕೊಟ್ಟದ್ದು ಅವತ್ತೊಂದೇ ದಿನ. ಮಾರನೆಯ ವಾರ ನಾನು ತಪ್ಪಲೆ, ಹಿಮದ ಮೆಟ್ಟು, ಕೈಗವಸು ಮೂರನ್ನೂ ಒಂದರ ಹಿಂದೊಂದು ಸರಿಯಾದ ಕಂಬಳಿಗೆ ಸೇರಿಸಿದೆ. ಒಂದು ಮಗುವೂ ಅಳಲಿಲ್ಲ. ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಹೇಳಿದೆ:

"ನೋಡಿದೆಯಾ ದೆಲಿಮಾ? ಮೂರಕ್ಕೆ ಮೂರು! ಕ್ರಿಸ್‌ಮಸ್ ಹೊತ್ತಿಗೆ ನಿನ್ನ ಕುರ್ಚಿಗೆ ಸಂಚಕಾರ. ಎಲ್ಲಾ ವಿಂಗಡಿಸಿದ್ದಾಯ್ತು, ನಾನೊಬ್ಬ ಉಳಿದೆ. ಹೇಳು, ನನ್ನನ್ನ ಯಾವ ಕಂಬಳಿ ಮೇಲೆ ಕೂರಿಸ್ತೀಯ?"

ದೆಲಿಮಾ ನನ್ನನ್ನು ಟೋಪಿಯಿಂದ ಬೂಟಿನವರೆಗೆ, ಚರ್ಮ ಕೊಳ್ಳುವವಳ ಹಾಗೆ, ನಿಧಾನವಾಗಿ ನೋಡಿದಳು.

"ನೀನು ಕೆಂಪು ಕಂಬಳಿ, ಭಾವ. ಆದ್ರೆ ನಮ್ಮ ಮಾತಿನ ನಿಯಮದಲ್ಲಿ ಬಾಯಿ ಅನ್ನೋದು ಉಸಿರಿಲ್ಲದ್ದು, ಅದು ಬೂದು ಕಂಬಳಿಗೆ ಸೇರ್ಬೇಕು. ನಿನ್ನದು ಯಾವತ್ತು ಆ ನಿಯಮ ಪಾಲಿಸುತ್ತೋ ಅಂತ ಅರವತ್ತು ವರ್ಷದಿಂದ ಕಾಯ್ತಾ ಇದೀನಿ."